ಅಚ್ಚಿನ ಯಂತ್ರ ಬೇಲೂರಿಗೆ ಹೋದದ್ದು

ಅರಸೀಕೆರೆಯ ರೈಲ್ವೆ ಸ್ಟೇಷನ್ ಕಡೆಗೆ ಹೋಗುವ ರಸ್ತೆಯಲ್ಲಿದ್ದ ನನ್ನ ಸಣ್ಣ ಮುದ್ರಣಾಲಯವನ್ನು ಬೇಲೂರಿಗೆ ಸಾಗಿಸಬೇಕಾಗಿ ಬಂದಾಗ, ಯಾರನ್ನು ಕೇಳಿದರೂ ಒಂದೇ ಮನೆಯತ್ತ ಕೈ ತೋರಿಸಿದರು. ಸಂತೆ ಮೈದಾನದ ಹಿಂದಿನ ಓಣಿಯ ಮನೆ. ಅಣ್ಣ, ತಮ್ಮ, ಅಣ್ಣನ ಹೆಂಡತಿ, ಒಂದು ಹಳೆಯ ಮಿನಿ ಲಾರಿ. ಇಷ್ಟೇ ಅವರ ಕಂಪನಿ. ಬೋರ್ಡು ಇರಲಿಲ್ಲ. ರೈಲ್ವೆ ಕ್ವಾರ್ಟರ್ಸಿನಲ್ಲಿ ಯಾರಿಗೆ ವರ್ಗವಾದರೂ ಸಾಮಾನು ಕಟ್ಟಿ ಸಾಗಿಸುತ್ತಿದ್ದವರು ಅವರೇ.

ತೊಂಬತ್ತರ ದಶಕದ ಕೊನೆ ಅದು. ಅರಸೀಕೆರೆಯಲ್ಲಿ ಆಫ್‌ಸೆಟ್ ಪ್ರೆಸ್ಸುಗಳು ಬಂದು ಕೈಯಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುವ ನನ್ನಂಥವರಿಗೆ ಕೆಲಸ ಕಡಿಮೆಯಾಗಿತ್ತು. ನನ್ನ ಹೆಂಡತಿ ಬೇಲೂರಿನಲ್ಲಿ ಶಾಲಾ ಶಿಕ್ಷಕಿ. ಅಲ್ಲಿ ಶಾಲೆ, ಹೋಟೆಲು, ಸೊಸೈಟಿಗಳ ಸಣ್ಣ ಕೆಲಸ ಇನ್ನೂ ಸಿಗುವಂತಿತ್ತು. ಅದೇ ಹೊತ್ತಿಗೆ ನಾನಿದ್ದ ಕಟ್ಟಡವನ್ನು ಮಾಲೀಕರು ಮಾರಿದರು. ಕೊಂಡವರಿಗೆ ಖಾಲಿ ಮಾಡಿ ಕೊಡಲು ಎರಡು ಸಲ ಗಡುವು ಕೇಳಿ ಪಡೆದಿದ್ದೆ. ಮೂರನೆಯ ಗಡುವು ಒಂದು ಸೋಮವಾರ ಬೆಳಿಗ್ಗೆಗೆ.

ಅಣ್ಣ, ಅಂದರೆ ಯಜಮಾನರು, ಅರುವತ್ತರ ಹತ್ತಿರದ ಮನುಷ್ಯ. ಮೊದಲ ದಿನ ಬಂದವರು ಕಾಗದ, ಕಪಾಟು, ಮೊಳೆಯ ಮನೆಗಳು ಯಾವುದನ್ನೂ ನೋಡದೆ ನೇರವಾಗಿ ಟ್ರೆಡಲ್ ಯಂತ್ರದ ಹತ್ತಿರ ಹೋದರು. ಎರಕದ ಕಬ್ಬಿಣದ್ದು, ಒಂದು ಟನ್ನಿನ ಆಸುಪಾಸು ತೂಕ. ಕಾಲಿನಲ್ಲಿ ತುಳಿದರೆ ಎಡಗಡೆಯ ದೊಡ್ಡ ಚಕ್ರ ತಿರುಗಿ, ಬಾಯಿ ತೆರೆದು ಮುಚ್ಚಿದ ಹಾಗೆ ಕಾಗದದ ಮೇಲೆ ಅಚ್ಚು ಬೀಳುತ್ತದೆ. ಯಜಮಾನರು ಎರಡು ಸುತ್ತು ಬಂದರು. ಬಾಗಿಲನ್ನು ಗೇಣಿನಲ್ಲಿ ಅಳೆದರು. ಹೊರಗಿನ ಮೂರು ಮೆಟ್ಟಿಲನ್ನು ಇಳಿದು ಹತ್ತಿದರು.

“ಇದರ ಚಕ್ರ ಬಿಚ್ಚಿದ್ದೀರಾ?” ಎಂದರು.

“ನಾನು ಯಾವತ್ತೂ ಬಿಚ್ಚಿಲ್ಲ.”

“ಬಿಚ್ಚಬೇಕು ಸ್ವಾಮಿ. ಭಾರ ಎಲ್ಲಾ ಒಂದೇ ಕಡೀಕೆ ಐತೆ. ಚಕ್ರ ಇದ್ರೆ ಇದು ನೆಟ್ಟಗೆ ನಿಲ್ಲಾಕಿಲ್ಲ.”

ಶುಕ್ರವಾರ ಕೆಲಸ ಶುರುವಾಯಿತು. ಮೊಳೆಗಳನ್ನು ಕಟ್ಟಿದ್ದು ಯಜಮಾನರ ಹೆಂಡತಿ. ಮೊಳೆ ಎಂದರೆ ಸೀಸದ ಅಕ್ಷರಗಳು. ಮರದ ಅಗಲ ತಟ್ಟೆಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ. ತಟ್ಟೆ ವಾಲಿದರೆ ಅಕ್ಷರಗಳು ಒಂದರ ಮನೆಗೆ ಇನ್ನೊಂದು ಹಾರಿ, ಬೇರ್ಪಡಿಸಲು ತಿಂಗಳು ಬೇಕು. ನಾನು ಅದನ್ನು ವಿವರಿಸಲು ಹೊರಟಾಗ ಆಕೆ, “ಒಡವೆ ಪೆಟ್ಟಿಗೆ ಅಂದ್ಕಂತೀನಿ ಬಿಡಿ” ಎಂದರು. ಹಳೆಯ ಪೇಪರನ್ನು ಒದ್ದೆ ಮಾಡಿ ತಟ್ಟೆಯ ಮೇಲೆ ಹಾಸಿ, ಬೆರಳಿನಿಂದ ಪ್ರತಿಯೊಂದು ಮನೆಯೊಳಕ್ಕೂ ಒತ್ತಿ, ಮೇಲೊಂದು ರಟ್ಟು ಇಟ್ಟು, ತೆಂಗಿನ ಹುರಿಯಿಂದ ನಾಲ್ಕು ಕಡೆ ಬಿಗಿದರು. ತಟ್ಟೆಯ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ನಂಬರು. ಅಂದೇ ಸಂಜೆಯೊಳಗೆ ಆ ಲೋಡು ಬೇಲೂರು ಮುಟ್ಟಿ, ಒಂದು ಮೊಳೆಯೂ ಚೆಲ್ಲದೆ ಹೊಸ ಕೋಣೆಯ ಗೋಡೆಗೆ ಒರಗಿತು. ಉಳಿದದ್ದು ಯಂತ್ರ ಮಾತ್ರ.

ಶನಿವಾರ ಇಡೀ ದಿನ ಚಕ್ರಕ್ಕೇ ಹೋಯಿತು. ಚಕ್ರವನ್ನು ಶಾಫ್ಟಿಗೆ ಬಿಗಿದಿಡಲು ಒಂದು ಕಬ್ಬಿಣದ ಬೆಣೆ ಇರುತ್ತದೆ. ನಲವತ್ತು ವರ್ಷದಿಂದ ಯಾರೂ ಮುಟ್ಟದೆ ಅದು ತುಕ್ಕು ಹಿಡಿದು ಶಾಫ್ಟಿನ ಜೊತೆ ಒಂದಾಗಿತ್ತು. ತಮ್ಮ ಸೀಮೆಎಣ್ಣೆ ಬಿಟ್ಟರು, ಎರಡು ಗಂಟೆ ಕಾದು ಹೊಡೆದರು. ಮತ್ತೆ ಬಿಟ್ಟು ಮತ್ತೆ ಹೊಡೆದರು. ತಮ್ಮನಿಗೆ ನಲವತ್ತರ ಹತ್ತಿರ ವಯಸ್ಸು. ಮಾತು ಕಡಿಮೆ. ಹೊಡೆಯುವ ಮೊದಲು ಪ್ರತಿ ಸಲವೂ ಚಕ್ರದ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ದನದ ಮೈ ಮುಟ್ಟಿ ನೋಡುವ ಹಾಗೆ. ಸಂಜೆ ಬೆಣೆಯ ತಲೆ ಚಪ್ಪಟೆಯಾಯಿತೇ ಹೊರತು ಕದಲಲಿಲ್ಲ.

“ಇದಕ್ಕೆ ಲೇತ್‌ನವನ ತಾವ ಇರೋ ಎಳೆಯೋ ಸಾಧನ ಬೇಕು. ಇನ್ನು ಹೊಡುದ್ರೆ ಚಕ್ರ ಸೀಳ್ಕಂತದೆ” ಎಂದರು.

ಲೇತ್ ಅಂಗಡಿಯವನು ಮದುವೆಗೆಂದು ತಿಪಟೂರಿಗೆ ಹೋಗಿದ್ದ. ಸೋಮವಾರ ಬೆಳಿಗ್ಗೆ ಬರುತ್ತಾನೆಂದು ಅವನ ಮನೆಯವರು ಹೇಳಿದರು.

ಭಾನುವಾರ ಬೆಳಿಗ್ಗೆ ತಮ್ಮ ಸ್ಲೀಪರು ತರಲು ಲಾರಿ ತೆಗೆದುಕೊಂಡು ಹೋಗಿದ್ದರು. ಹಳೆಯ ರೈಲ್ವೆ ಹಳಿಯ ಕೆಳಗಿನ ಮರದ ದಿಮ್ಮಿಗಳು ಅವು. ಭಾರದ ಸಾಮಾನು ಇಳಿಸುವಾಗ ಕೆಳಗೆ ಆಸರೆಗೆ ಪೇರಿಸುತ್ತಿದ್ದರು. ಯಜಮಾನರು ಮೆಟ್ಟಿಲ ಮೇಲೆ ಕೂತಿದ್ದರು. ನಾನು ಅವರ ಎದುರು ನಿಂತೆ. ಈ ಹತ್ತು ನಿಮಿಷದ ಮಾತು ನನಗೆ ಅಕ್ಷರ ಅಕ್ಷರವೂ ನೆನಪಿದೆ.

“ನಾಳೆ ಮಧ್ಯಾಹ್ನದೊಳಗೆ ಇಳಿಸ್ಕೊಡ್ತೀನಿ ಸ್ವಾಮಿ. ಒಂದ್ ಜಿನ ತಡೀರಿ.”

“ನಾಳೆ ಬೆಳಿಗ್ಗೆ ಬೀಗದ ಕೈ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ ಯಜಮಾನ್ರೆ.”

“ಅರ್ಧ ಜಿನ ಅಂತ ಒಂದ್ ಮಾತು ಕೇಳಿ ನೋಡಿ.”

“ಎರಡು ಸಲ ಕೇಳಿದ್ದಾಗಿದೆ. ಮೂರನೇ ಸಲ ಕೇಳೋಕೆ ನನಗೆ ಮುಖ ಇಲ್ಲ. ಬಾಗಿಲು ಅಗಲ ಇದೆಯಲ್ಲ, ಚಕ್ರ ಇದ್ದ ಹಾಗೇ ಇಳಿಸಿ.”

ಅವರು ಒಳಗಿನ ಚಕ್ರದ ಕಡೆ ತಿರುಗಿ ನೋಡಿದರು. ಆಗ ನಾನು ಇನ್ನೊಂದು ಮಾತು ಹೇಳಿದೆ. “ಆಗಲ್ಲ ಅಂದ್ರೆ ಹೇಳಿಬಿಡಿ. ಹಾಸನದಿಂದ ಕ್ರೇನಿನವರನ್ನ ಕರೆಸ್ತೀನಿ.”

ನನಗೆ ಹಾಸನದಲ್ಲಿ ಯಾವ ಕ್ರೇನಿನವರೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಸಾಮಾನು ಹೊತ್ತ ಮನುಷ್ಯನಿಗೆ ಆ ಮಾತು ಎಲ್ಲಿ ತಾಗುತ್ತದೆಂದು ಗೊತ್ತಿತ್ತು. ಅದಕ್ಕೇ ಹೇಳಿದೆ. ಅವರು ಎದ್ದು ಪಂಚೆ ಕೊಡವಿಕೊಂಡು, “ಆಯ್ತು, ಇಳಸಾಣ” ಎಂದರು.

ತಮ್ಮ ಲಾರಿ ನಿಲ್ಲಿಸಿ ಒಳಗೆ ಬಂದವರು ಮೊದಲು ನೋಡಿದ್ದು ಚಕ್ರವನ್ನು. “ಚಕ್ರ?” ಎಂದರು.

“ಹಂಗೇ ಇಳಸಾದು. ಚಕ್ರದ ಕಡೆ ನೀನು ಹಿಡ್ಕೊ” ಎಂದರು ಯಜಮಾನರು.

ತಮ್ಮ ಒಂದು ಸಲ ನನ್ನ ಕಡೆ ನೋಡಿ, ಟವೆಲನ್ನು ತಲೆಗೆ ಸುತ್ತಿಕೊಂಡು ಕೆಲಸಕ್ಕೆ ಇಳಿದರು.

ಹಾರೆಗಳಿಂದ ಯಂತ್ರವನ್ನು ಮೀಟಿ ಎತ್ತಿ, ಕೆಳಗೆ ಎರಡು ದಪ್ಪ ಹಲಗೆ ತೂರಿಸಿ ಬೋಲ್ಟು ಹಾಕಿದರು. ಹಲಗೆಯಡಿ ಕಬ್ಬಿಣದ ಪೈಪುಗಳನ್ನು ಇಟ್ಟು ಬಾಗಿಲವರೆಗೆ ಉರುಳಿಸಿಕೊಂಡು ಬಂದರು. ಮೂರು ಮೆಟ್ಟಿಲ ಮೇಲೆ ಎರಡು ತೊಲೆ ಇಳಿಜಾರಾಗಿ ಹಾಸಿ, ಅವುಗಳ ಕೆಳಗೆ ಸ್ಲೀಪರುಗಳನ್ನು ಅಟ್ಟಿ ಕಟ್ಟಿದರು. ಯಂತ್ರಕ್ಕೆ ಕಟ್ಟಿದ ದಪ್ಪ ಹಗ್ಗವನ್ನು ಒಳಗಿನ ಕಲ್ಲು ಕಂಬಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಯಜಮಾನರು ಹಿಡಿದರು. ಅವರು ಒಂದೊಂದು ಗೇಣು ಹಗ್ಗ ಬಿಟ್ಟ ಹಾಗೆ ಯಂತ್ರ ಒಂದೊಂದು ಗೇಣು ಇಳಿಯಬೇಕು. ಲಾರಿ ಸ್ಟ್ಯಾಂಡಿನಿಂದ ಕರೆದಿದ್ದ ಇಬ್ಬರು ಹಮಾಲಿಗಳು ಬಲಕ್ಕೆ ಹಾರೆ ಹಿಡಿದು ನಿಂತರು. ಎಡಕ್ಕೆ ತಮ್ಮ, ಚಕ್ರಕ್ಕೂ ಪಕ್ಕದ ಗೋಡೆಗೂ ನಡುವೆ. ನಾನು ಬಾಗಿಲ ಒಳಗೆ, ಯಂತ್ರದ ಹಿಂದೆ.

ಅರ್ಧ ದಾರಿ ಚೆನ್ನಾಗಿಯೇ ಇಳಿಯಿತು. ಎಡದ ತೊಲೆಯ ಕೆಳಗಿನ ಸ್ಲೀಪರುಗಳು ಚರಂಡಿ ಮುಚ್ಚಿದ ಚಪ್ಪಡಿ ಕಲ್ಲಿನ ಮೇಲೆ ಕೂತಿದ್ದವು. ಚಕ್ರದ ಭಾರವೆಲ್ಲ ಅಲ್ಲಿಗೆ ಬಂದಾಗ ಕಲ್ಲು ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಯಂತ್ರ ಎಡಕ್ಕೆ ವಾಲಿತು. ತಮ್ಮ ಬಿಟ್ಟು ಓಡಬಹುದಿತ್ತೋ ಏನೋ. ಅವರು ಹೆಗಲು ಕೊಟ್ಟರು. ಚಕ್ರ ಅವರನ್ನು ಗೋಡೆಗೆ ಒತ್ತಿ ನಿಲ್ಲಿಸಿತು.

ನಾನು ಹಿಂದಿರುಗಿ ನೋಡಿದೆ. ಯಜಮಾನರು ಹಗ್ಗ ಹಿಡಿದು, ಪಾದಗಳನ್ನು ಕಂಬದ ಬುಡಕ್ಕೆ ಒದ್ದುಕೊಂಡು, ಹಿಂದಕ್ಕೆ ಬಾಗಿ ನಿಂತಿದ್ದರು. ಹಗ್ಗ ಬಿಟ್ಟು ತಮ್ಮನ ಹತ್ತಿರ ಓಡಿದರೆ ಯಂತ್ರ ಪೂರ್ತಿ ಅವರ ಮೇಲೆ ಬೀಳುತ್ತಿತ್ತು. ಕಣ್ಣು ತಮ್ಮನ ಮೇಲೆ, ಕೈ ಹಗ್ಗದ ಮೇಲೆ. ಹಮಾಲಿಗಳು ಈ ಕಡೆ ಓಡಿ ಬಂದು ಹಾರೆ ಕೊಟ್ಟು, ಒಂದರ ಮೇಲೊಂದು ಸ್ಲೀಪರು ತೂರಿಸಿ ಸಂದು ಮಾಡುವ ತನಕ ಅವರು ಹಾಗೇ ನಿಂತಿದ್ದರು. ನಾನು ತಮ್ಮನ ಕಂಕುಳಿಗೆ ಕೈ ಹಾಕಿ ಈಚೆಗೆ ಎಳೆದೆ. ಮೈಮೇಲೆ ರಕ್ತ ಕಾಣಲಿಲ್ಲ.

“ಏನಿಲ್ಲ ಅಣ್ಣ, ಉಸ್ರು ಹಿಡ್ದಂಗಾಗೈತೆ” ಎಂದರು.

ಊರಿನ ಆಸ್ಪತ್ರೆಯಲ್ಲಿ ನೋಡಿ, ಒಳಗೆ ಪೆಟ್ಟಾಗಿದೆ, ತಕ್ಷಣ ಹಾಸನಕ್ಕೆ ಹೋಗಿ ಎಂದರು. ಬಾಡಿಗೆ ಕಾರಿನಲ್ಲಿ ಯಜಮಾನರ ತೊಡೆಯ ಮೇಲೆ ತಲೆಯಿಟ್ಟು ತಮ್ಮ ಮಲಗಿದ್ದರು. ನಾನು ಮುಂದೆ ಡ್ರೈವರ್ ಪಕ್ಕ. ಹಾರನಹಳ್ಳಿ ದಾಟುವಾಗ ನೀರು ಕೇಳಿದರು. ಕೊಡಬಾರದೆಂದು ಡಾಕ್ಟರು ಹೇಳಿದ್ದರಿಂದ ಯಜಮಾನರು ಟವೆಲು ಒದ್ದೆ ಮಾಡಿ ತುಟಿ ಒರೆಸಿದರು. ದುದ್ದ ಬರುವ ಮೊದಲೇ ಹಿಂದಿನ ಸೀಟಿನಲ್ಲಿ ಎಲ್ಲ ನಿಂತುಹೋಗಿತ್ತು. ಯಜಮಾನರು ಕಾರು ನಿಲ್ಲಿಸಿ ಎನ್ನಲಿಲ್ಲ. ಹಾಸನದ ಆಸ್ಪತ್ರೆಯ ಬಾಗಿಲವರೆಗೂ ತಮ್ಮನ ತಲೆ ಅಲುಗದ ಹಾಗೆ ಎರಡು ಕೈಯಲ್ಲಿ ಹಿಡಿದೇ ಇದ್ದರು.

ಮಾರನೆಯ ದಿನ ಪೊಲೀಸರು ಬಂದು ಮಹಜರು ಬರೆದರು. ವಾಲಿದ ಯಂತ್ರವನ್ನು ಹಗ್ಗ ಕಟ್ಟಿ, ಸ್ಲೀಪರಿನ ಮೇಲೆ ನಿಲ್ಲಿಸಿ, ತಾವು ಹೇಳುವವರೆಗೆ ಮುಟ್ಟಬಾರದೆಂದರು. ಸಬ್ ಇನ್ಸ್‌ಪೆಕ್ಟರು ಚಕ್ರವನ್ನು ನೋಡಿ ಯಜಮಾನರನ್ನು ಕೇಳಿದರು:

“ಇದನ್ನ ಬಿಚ್ಚದೆ ಇಳಿಸಿದ್ದು ಯಾಕೆ?”

“ಬೆಣೆ ಬರನಿಲ್ಲ ಸಾ. ಚರಂಡಿ ಕಲ್ಲು ಗಟ್ಟಿ ಐತೆ ಅಂದ್ಕಂಡೆ. ನನ್ ಲೆಕ್ಕ ತಪ್ತು.”

“ನೀವೇನು ಹೇಳ್ತೀರಿ?” ಎಂದು ನನ್ನ ಕಡೆ ತಿರುಗಿದರು.

“ಅವರು ಹೇಳಿದ್ದೇ ಸಾರ್” ಎಂದೆ. ಬರೆದದ್ದನ್ನು ಓದಿ ಹೇಳಿದರು. ಆಕಸ್ಮಿಕ ಎಂದಿತ್ತು. ಸಹಿ ಹಾಕಿದೆ.

ಅದೇ ಹೊತ್ತಿಗೆ ಕಟ್ಟಡ ಕೊಂಡವರು ಬೀಗದ ಕೈಗೆಂದು ಬಂದಿದ್ದರು. ಎಲ್ಲ ಕೇಳಿ, ನನ್ನನ್ನು ಪಕ್ಕಕ್ಕೆ ಕರೆದು, “ಅಲ್ಲ ಕಣ್ರೀ, ಒಂದು ಮಾತು ಹೇಳಿ ಕಳಿಸಿದ್ರೆ ಒಂದು ವಾರ ಬಿಡ್ತಿರಲಿಲ್ವಾ ನಾನು? ನನಗೇನು ಅರ್ಜೆಂಟಿತ್ತು?” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಮೂರನೆಯ ದಿನ ಯಜಮಾನರ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ನೋಟ್ ಪುಸ್ತಕದಿಂದ ಹರಿದ ಒಂದು ಹಾಳೆ.

“ಹನ್ನೊಂದನೇ ದಿನದ ತಿಥಿ ಕಾರ್ಡು ಹೊಡೀಬೇಕಿತ್ತು. ನೂರು ಸಾಕು.”

“ಯಂತ್ರ ಹೀಗಿದೆಯಲ್ಲಮ್ಮ. ಬೇರೆ ಪ್ರೆಸ್ಸಿನಲ್ಲಿ ನಾನೇ ಹೇಳಿ ಮಾಡಿಸಿಕೊಡ್ತೀನಿ.”

“ಬ್ಯಾಡ. ಬೇರೆ ಪ್ರೆಸ್ಸಿಗೆ ಹೋದ್ರೆ ಹೆಂಗಾಯ್ತು ಅಂತ ಕೇಳ್ತಾರೆ. ಮೂರ್ ಜಿನದಿಂದ ಎಲ್ಲಾರ್ಗೂ ಹೇಳಿ ಹೇಳಿ ಸಾಕಾಗೈತೆ. ನಿಮಗಾದ್ರೆ ಹೇಳಂಗಿಲ್ಲ.”

ನಾನು ಹಾಳೆ ತೆಗೆದುಕೊಂಡು ಬೇಲೂರಿನ ಬಸ್ಸು ಹತ್ತಿದೆ. ಹೊಸ ಕೋಣೆಯಲ್ಲಿ ಆಕೆ ಕಟ್ಟಿದ್ದ ತಟ್ಟೆಗಳು ಹಾಗೇ ಇದ್ದವು. ಹುರಿ ಬಿಚ್ಚಿ, ಒಣಗಿ ಅಂಟಿಕೊಂಡಿದ್ದ ಪೇಪರನ್ನು ಮೆಲ್ಲಗೆ ಎಬ್ಬಿಸಿದೆ. ಅಕ್ಷರಗಳು ತಮ್ಮ ತಮ್ಮ ಮನೆಯಲ್ಲಿದ್ದವು. ನೆಲದ ಮೇಲೆ ಕೂತು ಜೋಡಿಸತೊಡಗಿದೆ. ಅಚ್ಚಿನ ಮೊಳೆ ತಿರುಗುಮುರುಗಾಗಿ ಕಾಣುತ್ತದೆ. ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಓದದೆಯೇ ಜೋಡಿಸಬಲ್ಲೆ. ಆ ದಿನ ಮಾತ್ರ ಪ್ರತಿಯೊಂದು ಅಕ್ಷರವನ್ನೂ ಓದಿದೆ. ತಮ್ಮನ ಪೂರ್ತಿ ಹೆಸರನ್ನು ನಾನು ಮೊದಲ ಸಲ ಓದಿದ್ದೇ ಆ ಹಾಳೆಯಲ್ಲಿ. ಹೆಸರಿನ ಕೆಳಗೆ, ‘ಆಕಸ್ಮಿಕವಾಗಿ ದೈವಾಧೀನರಾದ ಪ್ರಯುಕ್ತ’ ಎಂದು ಬರೆದಿದ್ದರು. ‘ಆ’ ಎತ್ತಿಕೊಂಡು, ‘ಕ’ ಎತ್ತಿಕೊಂಡು, ಅಲ್ಲಿಗೆ ಕೈ ನಿಂತಿತು. ಪೊಲೀಸರ ಕಾಗದದಲ್ಲಿ ಆ ಮಾತನ್ನು ಬರೆದವರು ಬೇರೆ. ನಾನು ಸಹಿ ಮಾತ್ರ ಹಾಕಿದ್ದೆ. ಇಲ್ಲಿ ಅದನ್ನು ಅಕ್ಷರ ಅಕ್ಷರವಾಗಿ ಜೋಡಿಸಬೇಕಾದವನು ನಾನು. ಅವರು ಬರೆದು ಕೊಟ್ಟದ್ದನ್ನು ತಿದ್ದುವ ಹಕ್ಕು ನನಗಿಲ್ಲ ಎಂದು ಹೇಳಿಕೊಂಡು ಜೋಡಿಸಿದೆ. ಅದು ನಿಜವೂ ಹೌದು, ನನಗೆ ಅನುಕೂಲವೂ ಹೌದು.

ಯಂತ್ರವಿಲ್ಲದೆ ಹೊಡೆಯುವುದೆಂದರೆ ಕರಡು ತೆಗೆಯುವ ಹಾಗೆ. ಜೋಡಿಸಿದ ಮೊಳೆಯನ್ನು ಚೌಕಟ್ಟಿನಲ್ಲಿ ಬಿಗಿದು, ಕೈ ರೋಲರಿನಿಂದ ಮಸಿ ಸವರಿ, ಕಾರ್ಡು ಇಟ್ಟು, ಮೇಲೆ ಕಂಬಳಿ ಬಟ್ಟೆ ಸುತ್ತಿದ ಇನ್ನೊಂದು ರೋಲರನ್ನು ಒಂದೇ ಸಮ ಒತ್ತಿ ಎಳೆಯಬೇಕು. ಒತ್ತು ಹೆಚ್ಚಾದರೆ ಮಸಿ ಹರಡುತ್ತದೆ, ಕಡಿಮೆಯಾದರೆ ಅಕ್ಷರ ಮಾಸುತ್ತದೆ. ನೂರು ಚೆನ್ನಾಗಿ ಬರಲು ಇನ್ನೂ ಮೂವತ್ತು ಕೆಟ್ಟವು. ಕೆಟ್ಟವನ್ನು ಎಸೆಯಲು ಮನಸ್ಸಾಗದೆ ಒಟ್ಟಿಗೆ ಕಟ್ಟಿ ಇಟ್ಟೆ.

ತಿಥಿಗೆ ಹೋದೆ. ಬಂದವರ ಕೈಯಲ್ಲೆಲ್ಲ ನಾನು ಹೊಡೆದ ಕಾರ್ಡು. ತಮ್ಮನ ಹೆಂಡತಿ ನಡುಮನೆಯ ಬಾಗಿಲ ಹತ್ತಿರ ಕೂತಿದ್ದರು. ನಾನು ಎದುರು ನಿಂತು ಏನೋ ಹೇಳಲು ಹೊರಟೆ. “ಊಟ ಮಾಡ್ಕಂಡ್ ಹೋಗಿ” ಎಂದರು. ಪಂಕ್ತಿಯಲ್ಲಿ ಕೂತು ಊಟ ಮಾಡಿದೆ. ಅದಾದ ಮೇಲೆ ನನ್ನಿಂದಾದದ್ದನ್ನು ನಾನು ಕೊಟ್ಟೆ, ಅವರು ತೆಗೆದುಕೊಂಡರು. ಅದು ಯಾವುದಕ್ಕೂ ಸಮವಲ್ಲ ಎಂಬುದು ಕೊಟ್ಟವನಿಗೂ ಪಡೆದವರಿಗೂ ಗೊತ್ತಿತ್ತು. ಮುಂದೆ ಆಕೆ ಓರಗಿತ್ತಿಯ ಜೊತೆ ಸಾಮಾನು ಕಟ್ಟುವ ಕೆಲಸಕ್ಕೆ ಹೋಗತೊಡಗಿದರೆಂದೂ, ಆ ಮನೆಯವರು ಯಂತ್ರದ ಕೆಲಸವನ್ನು ಮತ್ತೆಂದೂ ಒಪ್ಪಿಕೊಳ್ಳಲಿಲ್ಲವೆಂದೂ ಕೇಳಿದ್ದೇನೆ.

ತಿಥಿಯ ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಯಜಮಾನರು ಅರಸೀಕೆರೆಯ ಪ್ರೆಸ್ಸಿನ ಮುಂದೆ ಲಾರಿ ತಂದು ನಿಲ್ಲಿಸಿದರು. ಜೊತೆಯಲ್ಲಿ ಹೆಂಡತಿ, ಲೇತ್ ಅಂಗಡಿಯವನು, ಅದೇ ಇಬ್ಬರು ಹಮಾಲಿಗಳು. ಯಂತ್ರ ಮುಟ್ಟಲು ಪೊಲೀಸರು ಅಷ್ಟರಲ್ಲಿ ಒಪ್ಪಿಗೆ ಕೊಟ್ಟಿದ್ದರು.

“ನೀವು ಬರಬೇಕಾಗಿರಲಿಲ್ಲ ಯಜಮಾನ್ರೆ. ನಾನು ಬೇರೆ ಯಾರನ್ನಾದರೂ…”

“ಅರ್ಧಕ್ಕೆ ನಿಂತೈತೆ. ಇಲ್ಲಿ ಹಿಂಗೇ ನಿಂತಿದ್ರೆ ದಿನಾ ಈ ರಸ್ತೇಲಿ ಹೋಗೋ ನಾನು ದಿನಾ ನೋಡ್ಬೇಕು.”

ಲೇತ್‌ನವನು ಮೂರು ಕಾಲಿನ ಎಳೆಯುವ ಸಾಧನವನ್ನು ಚಕ್ರದ ನಡುವಿಗೆ ಕಚ್ಚಿಸಿ, ಸ್ಕ್ರೂ ತಿರುಗಿಸುತ್ತ, ನಡುನಡುವೆ ಬೆಂಕಿ ತೋರಿಸಿದ. ಮುಕ್ಕಾಲು ಗಂಟೆಗೆ ಬೆಣೆ ಸಡಿಲಿ ಚಕ್ರ ಕೈಗೆ ಬಂತು. ಮುಕ್ಕಾಲು ಗಂಟೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಚರಂಡಿಯ ಜಾಗಕ್ಕೆ ಹೊಸ ಚಪ್ಪಡಿ, ಅದರ ಮೇಲೆ ಅಡ್ಡಡ್ಡಲಾಗಿ ಸ್ಲೀಪರು. ಚಕ್ರವಿಲ್ಲದ ಯಂತ್ರ ಉಳಿದ ಇಳಿಜಾರನ್ನು ನೆಟ್ಟಗೆ ಇಳಿದು ಲಾರಿ ಸೇರಿತು.

ಜಾವಗಲ್ಲು ದಾಟಿ ಹಳೇಬೀಡಿನ ಕೆರೆಯ ಏರಿಗೆ ಬಂದೆವು. ಬಸ್ತಿಹಳ್ಳಿಯ ತಿರುವಿನಲ್ಲಿ ರಸ್ತೆ ಕಿತ್ತುಹೋಗಿತ್ತು. ಯಜಮಾನರು ಲಾರಿ ನಿಲ್ಲಿಸಿ ಹಿಂದೆ ಹೋಗಿ ಹಗ್ಗಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿ ಬಂದರು. ಬೇಲೂರಿನವರೆಗೆ ಹೀಗೆ ನಾಲ್ಕು ಸಲ ನಿಲ್ಲಿಸಿದರು.

ಹೊಸ ಕೋಣೆ ನೆಲಮಟ್ಟದಲ್ಲಿತ್ತು. ಮಧ್ಯಾಹ್ನ ಮೂರಕ್ಕೆ ಯಂತ್ರ ತನ್ನ ಜಾಗದಲ್ಲಿ ಕೂತಿತು. ಚಕ್ರ ಹಾಕಿ ಬೆಣೆ ಬಡಿದದ್ದಾಯಿತು. ಯಜಮಾನರು ಮಟ್ಟ ನೋಡುವ ರಸಮಟ್ಟವನ್ನು ಯಂತ್ರದ ಮೇಲಿಟ್ಟು, ಒಂದು ಕಾಲಿನ ಕೆಳಗೆ ತಗಡಿನ ಚೂರು ಕೊಟ್ಟು, ಮತ್ತೆ ಇಟ್ಟು ನೋಡಿದರು. ತುಳಿದು ನೋಡಿ ಎಂದರು. ತುಳಿದೆ. ಎಲ್ಲೂ ಅದುರಲಿಲ್ಲ. ಆದರೂ ಅವರು ಕುಕ್ಕರಗಾಲಿನಲ್ಲಿ ಕೂತು ಇನ್ನೊಂದು ಮೂಲೆಗೆ ರಸಮಟ್ಟ ಇಟ್ಟರು. ಅವರ ಹೆಂಡತಿ ಹೊರಗೆ ಗೋಣಿಚೀಲ ಮಡಿಸುತ್ತಿದ್ದರು. ಹಮಾಲಿಗಳು ಟೀಗೆ ಹೋಗಿದ್ದರು. ನಾನು ಯಜಮಾನರ ಪಕ್ಕ ನೆಲದ ಮೇಲೆ ಕೂತೆ.

“ಯಜಮಾನ್ರೆ, ಪೊಲೀಸಿನವರ ಮುಂದೆ ನಾನು ನಿಜ ಹೇಳಲಿಲ್ಲ. ಚಕ್ರ ಬಿಚ್ಚದೆ ಇಳಿಸಿ ಅಂದವನು ನಾನು. ಕ್ರೇನಿನ ಮಾತೂ ಸುಳ್ಳು. ನಿಮ್ಮನ್ನ ಒಪ್ಪಿಸೋಕೆ ಹೇಳಿದ್ದು.”

ಅವರು ರಸಮಟ್ಟದಿಂದ ಕಣ್ಣು ತೆಗೆಯಲಿಲ್ಲ. “ನಾನೂ ಹೇಳ್ನಿಲ್ವಲ್ಲ” ಎಂದರು.

“ನೀವು ನನ್ನನ್ನ ಉಳಿಸಿದಿರಿ.”

“ನಿಮ್ಮುನ್ನ ಉಳ್ಸಾಕಲ್ಲ ಸ್ವಾಮಿ. ನೀವು ಹೇಳುದ್ರಿ ಅಂತ ನಾನು ಅಂದಿದ್ರೆ ಸಾಹೇಬ್ರು ಮುಂದ್ಲ ಮಾತು ಕೇಳೋರು. ಅವ್ರು ಹೇಳುದ್ರೆ ನೀನ್ಯಾಕೆ ಒಪ್ಪಿದೆ, ನಿಂಗೊತ್ತಿರ್ನಿಲ್ವಾ ಅಂತ. ಅದುಕ್ಕೆ ನನ್ ತಾವ ಏನೈತೆ ಹೇಳಾಕೆ?”

ರಸಮಟ್ಟವನ್ನು ಎತ್ತಿ, ಪಂಚೆಯ ತುದಿಯಿಂದ ಒರೆಸಿ, ಚೀಲದಲ್ಲಿಟ್ಟರು. ಎದ್ದು ನಿಲ್ಲಲು ಯಂತ್ರವನ್ನು ಹಿಡಿಯದೆ ಗೋಡೆ ಹಿಡಿದರು.

“ಹೇಳಿದ್ದು ನೀವು. ಒಪ್ಪಿದ್ದು ನಾನು. ಅವನನ್ನ ಯಾರೂ ಕೇಳ್ನಿಲ್ಲ” ಎಂದರು.